ಕೊನೆಯಕ್ಕ ದಾಟುವ ತನಕ

ರಾಜರ ಕಥೆಗಳೆಲ್ಲ ಮುಗಿದು, ರಾಣಿಯರ ಕಥೆಗಳೂ ಮುಗಿದು, ಹೇಳುವುದಕ್ಕೆ ಇನ್ನೇನೂ ಉಳಿಯದಿದ್ದ ಕಾಲದಲ್ಲಿ, ಒಂದು ಊರಿನಲ್ಲಿ ಹನ್ನೊಂದು ಗಂಟಿನ ಹಾವೊಂದಿತ್ತು. ಆರು ದಿನ ಅದು ತುಂಡು ತುಂಡಾಗಿ ಹನ್ನೊಂದು ಮನೆಗಳ ಮುಂದೆ ಮಲಗಿರುತ್ತಿತ್ತು. ಏಳನೆಯ ದಿನ, ಹಾಲಿನವರು ಬಂದುಹೋದ ಮೇಲೆ, ತುಂಡುಗಳೆಲ್ಲ ಗುರುಗುಟ್ಟುತ್ತ ಎದ್ದು, ಪೆಟ್ರೋಲ್ ಬಂಕಿನ ಮುಂದೆ ಸೇರಿ, ಒಂದರ ಹಿಂದೊಂದು ಕೂಡಿಕೊಂಡು ಬೆಟ್ಟದ ದಾರಿ ಹಿಡಿಯುತ್ತಿದ್ದವು. ಯಾರನ್ನೂ ಕಚ್ಚದ ಹಾವು. ಅರ್ಧ ದಾರಿಗೊಮ್ಮೆ ನಿಂತು ಟೀ ಕುಡಿಯುವ ಹಾವು.

ಹಾವಿನ ತಲೆ ಡ್ರಾಯಿಂಗ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದರೂ ಕೈಯ ಸ್ಥಿರತೆ ನಿವೃತ್ತವಾಗಿರಲಿಲ್ಲ. ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಬೈಕು ಓಡಿಸುತ್ತಿದ್ದರು. ಬಾಲ ಒಬ್ಬಳು ಹುಡುಗಿ. ಹಲ್ಲಿನ ಲ್ಯಾಬಿನಲ್ಲಿ ಕೂತು ಬಾಯಿ ಬರಿದಾದವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕೆಲಸ. ವಯಸ್ಸು ಇಪ್ಪತ್ತೊಂಬತ್ತು. ಆದರೂ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರು ಕೂಡ ಅವಳನ್ನು ಕೊನೆಯಕ್ಕ ಎಂದೇ ಕರೆಯುತ್ತಿದ್ದರು.

ಈ ಹಾವಿಗೊಂದು ಕಟ್ಟಳೆ ಇತ್ತು. ದಾರಿ ಎಲ್ಲಿ ಕವಲೊಡೆಯುತ್ತದೋ ಅಲ್ಲಿ ಮೇಷ್ಟ್ರು ಎಡಗೈ ಇಳಿಬಿಟ್ಟು ನೆಲ ತೋರಿಸುವರು. ಅವರ ಬೆನ್ನಿಗೇ ಇದ್ದವರು ಅಲ್ಲಿ ಬೈಕು ನಿಲ್ಲಿಸಿ ಕಂಬವಾಗಬೇಕು. ಹಿಂದಿನಿಂದ ಬರುವವರಿಗೆ ಒಬ್ಬೊಬ್ಬರಿಗೂ 'ಈ ಕಡೆ' ಎಂದು ಕೈ ತೋರಿಸಬೇಕು. ಕಟ್ಟಕಡೆಗೆ ಕೊನೆಯಕ್ಕ ಬರುವಳು. ಆಗ ಕಂಬಕ್ಕೆ ಜೀವ ಬಂದು ಅವಳ ಮುಂದೆ ಸೇರಿಕೊಳ್ಳುವುದು. ಕೊನೆಯವರು ದಾಟುವ ತನಕ ಕಂಬ ಅಲ್ಲಾಡುವ ಹಾಗಿಲ್ಲ. ಬಿಸಿಲು ಬರಲಿ, ಮಳೆ ಬರಲಿ, ನಿಜವಾದ ಕಂಬವೇ ಅಂದುಕೊಂಡು ನಾಯಿ ಬಂದು ಕಾಲೆತ್ತಲಿ. ಹೀಗೆ ಸರದಿಯ ಮೇಲೆ ಎಲ್ಲರೂ ಕಂಬವಾಗುತ್ತಿದ್ದರು. ಯಾವತ್ತೂ ಕಂಬವಾಗದವರು ಇಬ್ಬರೇ: ಮುಂದಿರುವ ಮೇಷ್ಟ್ರು, ಹಿಂದಿರುವ ಕೊನೆಯಕ್ಕ.

ಕೊನೆಯಕ್ಕನಿಗೆ ತನ್ನ ಜಾಗದ ಮೇಲೆ ರಾಣಿಗೆ ಸಿಂಹಾಸನದ ಮೇಲಿದ್ದಷ್ಟು ಆಸೆ. ಅಲ್ಲಿಂದ ನೋಡಿದರೆ ಇಡೀ ಹಾವು ಕಾಣುತ್ತಿತ್ತು. ಬೆಟ್ಟದ ಮೈಮೇಲೆ ಸುತ್ತು ಸುತ್ತಾಗಿ ಏರುವಾಗ ಮೇಷ್ಟ್ರ ಹಳದಿ ಹೆಲ್ಮೆಟ್ಟು ಆಕಾಶದ ಅಂಚಿನಲ್ಲಿ ಮಿನುಗಿ ಮರೆಯಾಗುವುದು. ನಡುವೆ ಬೇಕರಿಯ ಬನ್ನಣ್ಣ, ಬೈಕಿನ ಪೆಟ್ಟಿಗೆಯ ತುಂಬ ಬನ್ನು ತುಂಬಿಕೊಂಡು, ಏರಿನಲ್ಲಿ ಏದುಸಿರು ಬಿಡುತ್ತ. ಮತ್ತೆ ಯಾವಾಗಲೂ ಅವಳಿಗೆ ಹತ್ತಿರವಾಗಿ, ಮುಂದೆ ಹೋಗು ಅಂದರೂ ಹೋಗದೆ, ಸೂಜಿ.

ಸೂಜಿ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನ ನರ್ಸು. ಮಾತೂ ಹಾಗೇ, ಚುಚ್ಚಿದ್ದು ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತಿತ್ತು. ಬೈಕಿನಿಂದ ಬಿದ್ದವರನ್ನು ವಾರಕ್ಕೆ ನಾಲ್ಕು ಸಲ ನೋಡಿಯೂ ಭಾನುವಾರ ಬೈಕು ಹತ್ತುತ್ತಿದ್ದವಳು. ಯಾಕೆ ಅಂತ ಕೇಳಿದರೆ, "ನಿನ್ನಂಥವಳು ಹಿಂದೆ ಇರ್ತೀಯಲ್ಲ, ಬಿದ್ರೆ ಎತ್ಕೋತೀಯ," ಅನ್ನುವಳು. ಏಳು ವರ್ಷ ಹೀಗೆ ನಡೆಯಿತು.

ಏಳು ವರ್ಷ ಆದ ಮೇಲೆ ಹಲ್ಲಿನ ಲ್ಯಾಬಿನ ಯಜಮಾನರಿಗೆ ಕೈ ನಡುಗಲು ಶುರುವಾಗಿ ಲ್ಯಾಬು ಮುಚ್ಚಿತು. ಒಂದೂವರೆ ದಿನದ ದಾರಿಯಾಚೆ, ಅಣ್ಣ ಅತ್ತಿಗೆ ಇದ್ದ ಊರಿನಲ್ಲಿ ದೊಡ್ಡ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲೊಂದು ಕೋಣೆಯೂ ಖಾಲಿ ಇತ್ತು. ಬೇಡ ಅನ್ನಲು ಕಾರಣವೇ ಇರಲಿಲ್ಲ. ಇದ್ದ ಒಂದು ಕಾರಣವನ್ನು ಅಣ್ಣನಿಗೆ ಹೇಳಿದರೆ ಅವನು ನಕ್ಕುಬಿಡುತ್ತಿದ್ದ.

ಹೊರಡುವ ಭಾನುವಾರ ಸಾಮಾನೆಲ್ಲ ವ್ಯಾನಿನಲ್ಲಿ ಮುಂದೆ ಹೋಗಿತ್ತು. ಬೆಟ್ಟದ ತುದಿಯ ಟೀ ಅಂಗಡಿಯ ತನಕ ಎಲ್ಲರೊಂದಿಗೆ ಹೋಗಿ, ಅಲ್ಲಿಂದ ಅವಳು ತನ್ನ ದಾರಿ ಹಿಡಿಯುವುದು ಎಂದು ಮಾತಾಗಿತ್ತು. ಬನ್ನಣ್ಣ ಪೆಟ್ಟಿಗೆಯಲ್ಲಿ ಏನೋ ಬಚ್ಚಿಟ್ಟಿದ್ದ. ಮೇಷ್ಟ್ರು ಯಾವತ್ತೂ ಇಲ್ಲದ್ದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅದನ್ನು ನೋಡಿದ್ದೇ ಕೊನೆಯಕ್ಕ ಮುಖ ತಿರುಗಿಸಿ ಹೆಲ್ಮೆಟ್ಟು ಹಾಕಿಕೊಂಡಳು. ಮೊದಲ ತಿರುವು ದಾಟಿದಳು, ಎರಡನೆಯದು ದಾಟಿದಳು. ಮೇಲೆ ಹತ್ತು ಜನ ಸುತ್ತ ನಿಂತು ತನ್ನ ಮುಖವನ್ನೇ ನೋಡುವುದು, ತಾನು ಎಲ್ಲರ ಮುಂದೆ ಗೊಳೋ ಅನ್ನುವುದು ಕಣ್ಣಿಗೆ ಕಟ್ಟಿತು. ಬೈಕು ತಾನಾಗಿಯೇ ನಿಧಾನವಾಯಿತು. ಮುಂದಿನವರು ಮರೆಯಾದರು. ದೊಡ್ಡ ರಸ್ತೆ ಬಂದು ಕೂಡುವ ಜಾಗದಲ್ಲಿ ಅವಳು ಒಂದು ಕ್ಷಣ ನಿಂತಳು. ಅಜ್ಜಿಯ ಕಥೆಗಳಲ್ಲಿ ತೆರೆಯಬೇಡ ಎಂದ ಬಾಗಿಲನ್ನು ತೆರೆಯುವ ಮುಂಚೆ ರಾಜಕುಮಾರಿ ಹೀಗೇ ನಿಲ್ಲುತ್ತಾಳೆ. ಆಮೇಲೆ ಫೋನು ಆಫ್ ಮಾಡಿ ಬ್ಯಾಗಿಗೆ ಹಾಕಿ, ದೊಡ್ಡ ರಸ್ತೆಗೆ ತಿರುಗಿಬಿಟ್ಟಳು.

ಮೂರನೆಯ ತಿರುವಿನಲ್ಲಿ ಆ ದಿನ ಸರದಿ ಬಂದು ಕಂಬವಾಗಿ ನಿಂತಿದ್ದವಳು ಸೂಜಿ.

ಆಮೇಲಿನದನ್ನು ಬನ್ನಣ್ಣ ಹೇಳಿದ್ದು. ಕೊನೆಯಕ್ಕ ಬರಲಿಲ್ಲ ಎಂದು ಮೇಷ್ಟ್ರು ತಿರುಗಿ ಬಂದರು. ಕಂಬಗಳನ್ನೆಲ್ಲ ಕಿತ್ತು ದಾರಿಯುದ್ದಕ್ಕೂ ಹುಡುಕಲು ಹಚ್ಚಿದರು. ಒಂದೊಂದು ಮೋರಿ, ಒಂದೊಂದು ಹಳ್ಳ ಇಣುಕಿದರು. ಮೇಷ್ಟ್ರು ಇಸ್ತ್ರಿ ಅಂಗಿಯಲ್ಲೇ ಮುಳ್ಳುಕಂಟಿಯೊಳಗೆ ಇಳಿದರು. ಸೂಜಿ ಮಾತ್ರ ಜಾಗ ಬಿಡಲಿಲ್ಲ. ಅವಳು ಬಂದರೆ ದಾರಿ ತೋರಿಸಲು ಒಬ್ಬರಾದರೂ ಬೇಕಲ್ಲ ಎಂದು ನೆರಳಿಲ್ಲದ ಆ ತಿರುವಿನಲ್ಲಿ ಐದು ಗಂಟೆ ನಿಂತಳು. ಮಧ್ಯಾಹ್ನ ಮೂರಕ್ಕೆ ಕೊನೆಯಕ್ಕನ ಫೋನಿನಿಂದ ಎಲ್ಲರಿಗೂ ಒಂದು ಸಾಲು ಬಂತು. 'ಕ್ಷಮಿಸಿ, ಹೊರಟುಬಿಟ್ಟೆ, ಅಳು ಬರುತ್ತೆ ಅಂತ.'

ಸಂಜೆ ಸೂಜಿ ಫೋನು ಮಾಡಿದಳು.

"ಬದುಕಿದೀಯಾ?"

"ಹೂಂ."

"ಕೈಕಾಲು ಎಲ್ಲ ಇದೆಯಾ?"

"ಇದೆ ಕಣೇ. ನಾನು ಯೋಚನೆ ಮಾಡ್ಲಿಲ್ಲ..."

"ಗೊತ್ತು. ಕೇಳಿಲ್ಲಿ. ನಾನಿನ್ನೂ ಅಲ್ಲೇ ನಿಂತಿದೀನಿ ಅಂತ ತಿಳ್ಕೋ. ನೀನು ದಾಟೋ ತನಕ ಅಲ್ಲಾಡಲ್ಲ."

"ಬರ್ತೀನಿ. ಖಂಡಿತ ಬಂದು ದಾಟ್ತೀನಿ. ಮಾತು ಕೊಟ್ಟೆ."

"ನೋಡೋಣ," ಎಂದು ಸೂಜಿ ಫೋನು ಇಟ್ಟಳು. ಆಮೇಲೆ ಎತ್ತಲಿಲ್ಲ.

ಹೊಸ ಊರಿನಲ್ಲಿ ಎಲ್ಲ ಚೆನ್ನಾಗಿತ್ತು. ಅದೇ ತೊಂದರೆ. ಲ್ಯಾಬಿನಲ್ಲಿ ಕಿಟಕಿಯ ಪಕ್ಕದ ಮೇಜು ಸಿಕ್ಕಿತು. ಕಪಾಟಿನಲ್ಲಿ ಸಾಲಾಗಿ ಪ್ಲಾಸ್ಟರಿನ ದವಡೆಗಳು, ಯಾರ್ಯಾರದೋ ಬಾಯಿಯ ಅಚ್ಚುಗಳು. ಅವಳು ಮೇಣವನ್ನು ಬಿಸಿ ಚಾಕುವಿನಿಂದ ಸವರಿ ಒಸಡು ಮಾಡಿ, ಒಂದೊಂದೇ ಹಲ್ಲು ಕೂರಿಸಿ, ಆ ಹಲ್ಲಿನ ಮಾಲೀಕರು ಹೇಗೆ ನಗಬಹುದು ಎಂದು ಊಹಿಸುತ್ತಿದ್ದಳು. ಉಜ್ಜುವ ಮೋಟಾರು ಗುಂಯ್ ಎಂದಾಗ ಕಣ್ಣು ಅರೆ ಮುಚ್ಚುತ್ತಿತ್ತು. ಕಪಾಟಿನ ದವಡೆಗಳು ಸಾಲಾಗಿ ಹೊರಟು, ಕಿಟಕಿ ದಾಟಿ, ಎದುರಿನ ಮಹಡಿಗಳನ್ನು ಸುತ್ತು ಸುತ್ತಾಗಿ ಏರುತ್ತಿದ್ದವು. ಬಾಯಿ ತುಂಬ ನಗುತ್ತ ಗಾಳಿ ಕುಡಿಯುತ್ತಿದ್ದವು. ಅವಳು ಎಣಿಸುತ್ತಿದ್ದಳು, ಯಾವಾಗಲೂ ಹತ್ತಕ್ಕೇ ನಿಲ್ಲುತ್ತಿತ್ತು.

"ಏನಮ್ಮಾ, ಹಲ್ಲಿನ ಜೊತೆ ಮಾತಾಡ್ತಿದೀಯಾ?" ಎಂದು ಪಕ್ಕದ ಮೇಜಿನ ಹಿರಿಯರು ಕೇಳುವರು. "ಅವು ಉತ್ತರ ಕೊಟ್ರೆ ನನಗೂ ಹೇಳು. ಮೂವತ್ತು ವರ್ಷದಿಂದ ಕಾಯ್ತಿದೀನಿ."

ಮನೆಯ ಮೆಟ್ಟಿಲ ಕೆಳಗೆ ಬೈಕು ಹೊದಿಕೆ ಹೊದ್ದು ನಿಂತಿತ್ತು. ಮೊದಲ ತಿಂಗಳು ರಜೆ ಸಿಗಲಿಲ್ಲ. ಎರಡನೆಯ ತಿಂಗಳು ಅತ್ತಿಗೆಗೆ ಜ್ವರ. ಮೂರನೆಯ ತಿಂಗಳು ಬ್ಯಾಟರಿ ಸತ್ತಿತ್ತು. ನಾಲ್ಕನೆಯ ತಿಂಗಳಿಂದ ಕಾರಣ ಹುಡುಕುವುದನ್ನೂ ಬಿಟ್ಟಳು. ನಾಚಿಕೆ ಎನ್ನುವುದು ಮೇಣದ ಹಾಗೆ. ಬಿಸಿಯಿದ್ದಾಗ ತಿದ್ದದಿದ್ದರೆ ಹೇಗಿದೆಯೋ ಹಾಗೇ ಗಟ್ಟಿಯಾಗುತ್ತದೆ. ಅತ್ತಿಗೆ ಬೈಕಿನ ಮೇಲೆ ಒದ್ದೆ ಟವೆಲು ಒಣಹಾಕಲು ಶುರು ಮಾಡಿದರು.

ಪ್ರತಿ ಭಾನುವಾರ ಬನ್ನಣ್ಣ ಫೋಟೋ ಕಳಿಸುತ್ತಿದ್ದ. ಟೀ ಅಂಗಡಿಯ ಮುಂದೆ ಬೈಕುಗಳ ಸಾಲು. ಹತ್ತು ಇರಬೇಕು; ಒಂಬತ್ತೇ ಇದ್ದವು. ಸೂಜಿಗೆ ಡ್ಯೂಟಿ ಇರಬೇಕು ಅಂದುಕೊಂಡಳು. ಎಷ್ಟು ಭಾನುವಾರ ಹಾಗಂದುಕೊಳ್ಳಬಹುದೋ ಅಷ್ಟೂ ಭಾನುವಾರ ಅಂದುಕೊಂಡಳು.

ಎಂಟನೆಯ ತಿಂಗಳು ಅಣ್ಣನಿಗೇ ಕನಿಕರ ಬಂತು. "ನಮ್ಮ ಆಫೀಸಿನವನೊಬ್ಬ ಇಲ್ಲಿ ಬೈಕಿನ ತಂಡ ನಡೆಸ್ತಾನೆ. ಹೋಗಿ ಬಾ. ಮುಖ ನೋಡು, ಒಣಗಿದ ಟವೆಲ್ ಆಗಿದೆ," ಎಂದ.

ಬೈಕಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಹೋದಳು. ಆ ತಂಡದ ಹೆಸರು ಗುಡುಗು. ನಲವತ್ತು ಬೈಕು, ಎಲ್ಲರಿಗೂ ಒಂದೇ ಕಪ್ಪು ಜಾಕೆಟ್ಟು, ಎಲ್ಲರ ಕಿವಿಯಲ್ಲೂ ಹಾಡು. ಹೊರಡುವ ಮುಂಚೆ ನಾಯಕ ನಾವೆಲ್ಲ ಒಂದೇ ಕುಟುಂಬ ಎಂದು ಭಾಷಣ ಮಾಡಿದ. ಅತಿಥಿ ಎಂದು ಅವಳನ್ನು ತನ್ನ ಬೆನ್ನಿಗೇ ಇಟ್ಟುಕೊಂಡ. ಎಂಟು ತಿಂಗಳ ಮೇಲೆ ಗಾಳಿ ಎದೆಗೆ ಬಡಿದಾಗ ಅವಳಿಗೆ ನಿದ್ದೆಯಿಂದ ಎದ್ದ ಹಾಗಾಯಿತು, ಅಥವಾ ನಿದ್ದೆಗೆ ಜಾರಿದ ಹಾಗೆ. ಎರಡರಲ್ಲಿ ಯಾವುದೋ ತಿಳಿಯಲಿಲ್ಲ.

ಊರು ಮುಗಿಯುವ ಕಡೆ ರಸ್ತೆ ಎರಡಾಯಿತು. ನಾಯಕ ಎಡಗೈ ಇಳಿಬಿಟ್ಟು ಎರಡು ಸಲ ಕೆಳಕ್ಕೆ ಒದರಿದ.

ಯೋಚನೆಗೆ ಮುಂಚೆ ಅವಳ ಕಾಲು ಬ್ರೇಕು ಒತ್ತಿತು. ಬೈಕು ಬದಿಗೆ ನಿಲ್ಲಿಸಿ ನೆಟ್ಟಗೆ ನಿಂತು ಬಲಕ್ಕೆ ಕೈ ಚಾಚಿದಳು. ಗುಡುಗಿನವರು ಒಬ್ಬೊಬ್ಬರಾಗಿ ಹಾದುಹೋದರು. ಕೆಲವರು ಹೆಬ್ಬೆರಳು ಎತ್ತಿದರು, ಒಬ್ಬ ಕೈ ಬೀಸಿದ, ಒಬ್ಬಳು ಫೋಟೋ ತೆಗೆದಳು. ಮೂವತ್ತೆಂಟರ ತನಕ ಎಣಿಸಿದಳು. ಆಮೇಲೆ ರಸ್ತೆ ಸುಮ್ಮನಾಯಿತು.

ನಾನೇ ಕೊನೆ ಎಂದು ಯಾರೂ ನಿಲ್ಲಲಿಲ್ಲ; ಕೊನೆಯವರು ಬರಬೇಕಲ್ಲ. ಅವಳು ನಿಂತೇ ಇದ್ದಳು.

ಹಿಂದೊಂದು ಕ್ಷೌರದ ಅಂಗಡಿ. ಅರ್ಧ ಗಂಟೆ ಆದ ಮೇಲೆ ಅದರ ಯಜಮಾನರು, ಕತ್ತರಿ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದರು.

"ಬೈಕು ಕೆಟ್ಟಿದೆಯೇನಮ್ಮಾ?"

"ಇಲ್ಲ ಅಂಕಲ್. ಕಾಯ್ತಿದೀನಿ."

"ಯಾರಿಗೆ?"

"ಕೊನೆಯವರಿಗೆ."

"ಯಾರವರು?"

ಈ ತಂಡದಲ್ಲಿ ಕೊನೆಯವರು ಯಾರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ.

"ಗೊತ್ತಿಲ್ಲ," ಎಂದಳು.

"ಗೊತ್ತಿಲ್ಲದೋರಿಗೆ ಕಾಯೋದಾದ್ರೆ ಕೂತು ಕಾಯಿ. ಕಾಲಾದ್ರೂ ಉಳಿಯುತ್ತೆ." ಅವರು ಒಳಗಿಂದ ಸ್ಟೂಲು ತಂದಿಟ್ಟರು. ಅವಳು ಕೂರಲಿಲ್ಲ, ಕಂಬ ಕೂರುವುದಿಲ್ಲ.

ಬಿಸಿಲು ಏರಿತು. ತಿರುವಿನಾಚೆಯಿಂದ ಒಂದೊಂದು ಬೈಕಿನ ಸದ್ದು ಬಂದಾಗಲೂ ಅವಳ ಕೈ ಮೇಲೆದ್ದು, ಬಂದವರು ಯಾರೋ ಆದಾಗ ಕೆಳಗೆ ಬೀಳುತ್ತಿತ್ತು. ಮೊದಲು ಬೇಸರ, ಆಮೇಲೆ ಸಿಟ್ಟು. ಆ ಕೊನೆಯವರಿಗೆ ಮನಸ್ಸಿನಲ್ಲೇ ನಾಲ್ಕು ಮಾತು ಬೈದಳು. ಆಮೇಲೆ ಸಿಟ್ಟು ತಾನಾಗಿಯೇ ಇಳಿದು, ಅದರ ಜಾಗದಲ್ಲಿ ಬೇರೇನೋ ಬಂದು ಕೂತಿತು. ಬಿದ್ದಿರಬಹುದು. ಮರಳಿನ ಮೇಲೆ ಚಕ್ರ ಜಾರಿರಬಹುದು. ಮೋರಿಯೊಳಗೆ, ರಸ್ತೆಯ ಮೇಲಿನವರಿಗೆ ಕಾಣದ ಹಾಗೆ, ಹೆಲ್ಮೆಟ್ಟು ಒಂದು ಕಡೆ, ಬೂಟು ಒಂದು ಕಡೆ... ಹೆಸರು ಗೊತ್ತಿಲ್ಲದ, ಮುಖ ನೋಡಿರದ ಆ ಮನುಷ್ಯನಿಗಾಗಿ ಅವಳು ಕತ್ತು ಚಾಚಿ ರಸ್ತೆ ನೋಡಿದಳು. ಬಿಸಿಲು ಕಣ್ಣಿಗೆ ಹೊಡೆದು ರಸ್ತೆ ನೀರಿನ ಹಾಗೆ ಅಲ್ಲಾಡಿತು. ಆ ನೀರಿನಾಚೆ ಇನ್ನೊಂದು ತಿರುವು ಕಂಡಿತು. ಅಲ್ಲಿ ಸೂಜಿ ನಿಂತಿದ್ದಳು. ಹೆಲ್ಮೆಟ್ಟು ತೆಗೆದು ತೋಳಿಗೆ ಸಿಕ್ಕಿಸಿಕೊಂಡು, ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಸೂಜಿಗೆ ಇದನ್ನೆಲ್ಲ ಊಹಿಸಿಕೊಳ್ಳಬೇಕಾಗಿರಲಿಲ್ಲ. ಬಿದ್ದವರನ್ನು ವಾರಕ್ಕೆ ನಾಲ್ಕು ಸಲ ಕೈಯಾರೆ ಮುಟ್ಟಿ ಗೊತ್ತಿತ್ತು.

ಏಳು ವರ್ಷದಲ್ಲಿ ಒಂದು ದಿನವೂ ಕಂಬವಾಗದವಳು, ಆ ದಿನ ಒಂದೂವರೆ ಗಂಟೆ ಕಂಬವಾದಳು. ಕೊನೆಗೆ ನಾಯಕನಿಗೆ ಫೋನು ಮಾಡಿದಳು.

"ಓ ಅಕ್ಕಾ, ನಾವಾಗ್ಲೇ ಬೇರೆ ರಸ್ತೇಲಿ ಮನೆಗೆ ಬಂದಾಯ್ತು. ನೀವು ಅಲ್ಲೇನು ಮಾಡ್ತಿದೀರಿ?"

"ನೀವು ಕೈ ತೋರಿಸಿದ್ರಲ್ಲ?"

"ಕೈಯಾ? ಅದು ಜೋಮು ಹಿಡಿದಿತ್ತು ಅಕ್ಕಾ, ಒದರಿದೆ."

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಎಂಟು ತಿಂಗಳ ಹಿಂದೆ ಬರಬಾರದೆಂದು ಓಡಿಬಂದಿದ್ದಳಲ್ಲ, ಅದೇ ಅಳು. ಸ್ಟೂಲಿನ ಮೇಲೆ ಕೂತು ಅದನ್ನು ಪೂರ್ತಿ ಅತ್ತು ಮುಗಿಸಿದಳು. ಕ್ಷೌರದವರು ಒಗೆದ ಟವೆಲು ತಂದುಕೊಟ್ಟು, ಏನೂ ಕೇಳದೆ ಒಳಗೆ ಹೋದರು.

ಅಲ್ಲಿಂದಲೇ ಬನ್ನಣ್ಣನಿಗೆ ಫೋನು ಮಾಡಿದಳು.

"ಸೂಜಿ ಯಾಕೆ ಫೋಟೋದಲ್ಲಿ ಇರಲ್ಲ?"

ಆ ಕಡೆ ಓವನ್ನಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. "ಅವತ್ತಿಂದ ಬಂದೇ ಇಲ್ಲಮ್ಮಾ. ನೀನು ಕೇಳ್ತೀಯಾ ಕೇಳ್ತೀಯಾ ಅಂತ ಕಾದೆ. ಈಗ ಬೈಕು ಮಾರ್ತಿದಾಳೆ. ಬರೋ ಸೋಮವಾರ ಬಂದು ತಗೊಂಡು ಹೋಗ್ತಾರಂತೆ."

"ಕೊನೇಲಿ ಯಾರು ಓಡಿಸ್ತಿದಾರೆ ಈಗ?"

"ನಾನೇ. ಯಾರಿಗೂ ನಂಬಿಕೆ ಇಲ್ಲ. ನನ್ನ ನೋಡಿದ ಮೇಲೂ ಕಂಬಗಳು ಇನ್ನೊಂದು ಸಲ ಹಿಂದೆ ತಿರುಗಿ ನೋಡ್ತವೆ."

ಸೂಜಿ ಆಗಲೂ ಫೋನು ಎತ್ತಲಿಲ್ಲ. ಕೊನೆಯಕ್ಕ ಒಂದು ಸಾಲು ಬರೆದು ಕಳಿಸಿದಳು. 'ಬರುವ ಭಾನುವಾರ ಹತ್ತು ಗಂಟೆಗೆ ಮೂರನೆಯ ತಿರುವು ದಾಟುತ್ತೇನೆ.' ಓದಿದ ಗುರುತು ಬಂತು. ಉತ್ತರ ಬರಲಿಲ್ಲ.

ಶುಕ್ರವಾರ ಸಂಜೆ ಅತ್ತಿಗೆ ಬೈಕಿನ ಮೇಲಿದ್ದ ಟವೆಲುಗಳನ್ನು ಎತ್ತಿಕೊಂಡು, "ಒಬ್ಬಳೇ ಅಷ್ಟು ದೂರ ಹೋಗಿ ಒಂದು ತಿರುವು ದಾಟಿ ವಾಪಸ್ ಬರ್ತೀಯಾ?" ಎಂದರು.

"ಹೂಂ ಅತ್ತಿಗೆ."

"ನನಗೇನೂ ಅರ್ಥ ಆಗ್ಲಿಲ್ಲ. ತಿಂಡಿ ಕಟ್ಟಿಕೊಡ್ತೀನಿ, ಬಿಡು."

ಶನಿವಾರ ಪೂರ್ತಿ ಓಡಿಸಿ ದಾರಿಯ ವಸತಿಗೃಹವೊಂದರಲ್ಲಿ ತಂಗಿ, ಭಾನುವಾರ ಬೆಳಕು ಹರಿಯುವಾಗ ಮತ್ತೆ ಹೊರಟಳು. ಮಂಜು ಇತ್ತು. ರಸ್ತೆಯ ಎರಡು ಬದಿಯ ಮರಗಳು ಅವಳನ್ನು ನೋಡಿ ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡಂತೆ ಕಂಡವು. ಕನ್ನಡಿಯಲ್ಲಿ ಖಾಲಿ ದಾರಿ, ಮುಂದೆಯೂ ಖಾಲಿ ದಾರಿ. ಆದರೂ ಮಂಜಿನೊಳಗೆ ಎಲ್ಲೋ ಹತ್ತು ಕೆಂಪು ದೀಪಗಳು ತನಗಿಂತ ಸ್ವಲ್ಪವೇ ಮುಂದೆ ತೇಲುತ್ತಿವೆ ಅನ್ನಿಸುತ್ತಿತ್ತು. ವೇಗ ಹೆಚ್ಚಿಸಿದರೆ ಅವೂ ಹೆಚ್ಚಿಸುವವು.

ಒಂಬತ್ತೂವರೆಗೆ ಬೆಟ್ಟದ ಬುಡ ಇನ್ನೇನು ಬಂತು ಅನ್ನುವಾಗ ರಸ್ತೆ ಬದಿಯಲ್ಲಿ ಒಂದು ಮೊಪೆಡ್ ನಿಂತಿತ್ತು. ವಯಸ್ಸಾದ ಗಂಡ ಪೆಡಲು ತುಳಿಯುತ್ತಿದ್ದರು, ಹೆಂಡತಿ ಕೊಡೆ ಹಿಡಿದು ಬೈಯುತ್ತಿದ್ದರು. ಕೊನೆಯಕ್ಕ ದಾಟಿ ಐವತ್ತು ಮಾರು ಹೋದಳು. ಸೂಜಿ ಬಂದಿದ್ದರೆ ಹತ್ತಕ್ಕೆ ಸರಿಯಾಗಿ ಗಡಿಯಾರ ನೋಡುತ್ತಾಳೆ. ಹತ್ತೂಕಾಲಿಗೆ ಹೊರಟುಹೋದರೆ ಮುಗಿಯಿತು. ಆದರೆ ಕೆಟ್ಟು ನಿಂತವರನ್ನು ಹಿಂದೆ ಬಿಟ್ಟು ಹೋದರೆ ಅವಳು ಕೊನೆಯವಳು ಹೇಗಾದಾಳು? ಹಲ್ಲು ಕಚ್ಚಿಕೊಂಡು ಬೈಕು ತಿರುಗಿಸಿದಳು.

ಪ್ಲಗ್ಗು ಮಸಿ ಹಿಡಿದಿತ್ತು. ಬಿಚ್ಚಿ, ಉಜ್ಜಿ, ಕೂರಿಸಿದಳು. ಗಾಡಿ ಸ್ಟಾರ್ಟ್ ಆಗಲಿಲ್ಲ. ಮತ್ತೆ ಬಿಚ್ಚಿದಳು. ಪೆಟ್ರೋಲ್ ಪೈಪಿನಲ್ಲೂ ಕಸ. "ನಿನ್ನೇನೇ ಹೇಳಿದ್ದೆ ಇವರಿಗೆ, ಬಸ್ಸಿಗೆ ಹೋಗೋಣ ಅಂತ," ಎಂದರು ಅಜ್ಜಿ. "ಹೇಳ್ಲಿಲ್ಲ ಇವಳು," ಎಂದರು ತಾತ. ಮೊಪೆಡ್ ಹೊಗೆ ಕಾರಿ ಎದ್ದಾಗ ಹನ್ನೊಂದೂಕಾಲು.

ತಾನು ಬಿಟ್ಟುಹೋದ ಜಾಗಕ್ಕೇ, ದೊಡ್ಡ ರಸ್ತೆ ಬಂದು ಕೂಡುವ ಕಡೆಗೇ ಹೋಗಿ, ಅಲ್ಲಿಂದ ಬೆಟ್ಟದ ದಾರಿಗೆ ತಿರುಗಿದಳು. ಎರಡು ಬದಿಯ ಮೋರಿಗಳನ್ನು ನೋಡುತ್ತ ಹೋದಳು. ಇವುಗಳಲ್ಲಿ ತನ್ನನ್ನು ಹುಡುಕಿದ್ದರು. ಅವತ್ತು ಇಲ್ಲಿಯದೇ ಯಾವುದೋ ಕಂಟಿಯ ಮುಳ್ಳು ಮೇಷ್ಟ್ರ ಇಸ್ತ್ರಿ ಅಂಗಿಯನ್ನು ಹಿಡಿದೆಳೆದಿತ್ತು.

ಮೂರನೆಯ ತಿರುವಿನಲ್ಲಿ ಬೈಕೊಂದು ನಿಂತಿತ್ತು. ಅದರ ಪಕ್ಕ, ನೆಟ್ಟಗೆ, ಸೂಜಿ.

ಕೊನೆಯಕ್ಕ ಹತ್ತಿರ ಬಂದು ನಿಲ್ಲಿಸಿದಳು. ಸೂಜಿಯ ಮೂಗಿನ ತುದಿ ಬಿಸಿಲಿಗೆ ಕೆಂಪಾಗಿತ್ತು.

"ಎಂಟು ತಿಂಗಳು, ಒಂದು ಗಂಟೆ, ನಲವತ್ತು ನಿಮಿಷ," ಎಂದಳು ಸೂಜಿ. "ಈಗೆಲ್ಲಿ ಬಿದ್ದಿದ್ದೆ?"

"ಯಾರದೋ ಮೊಪೆಡ್ ಕೆಟ್ಟಿತ್ತು."

ಸೂಜಿ ಅವಳ ಮಸಿ ಹಿಡಿದ ಬೆರಳುಗಳನ್ನು ನೋಡಿದಳು. ತುಟಿಯ ಒಂದು ಬದಿ ಅಲುಗಿತು. "ನಾಯಿ ಎರಡು ಸಲ ಬಂದು ಹೋಯ್ತು," ಎಂದಳು.

"ಸೂಜಿ, ನಾನೂ ಒಂದಿನ ನಿಂತಿದ್ದೆ. ಹೇಗಿರುತ್ತೆ ಅಂತ ಗೊತ್ತಾಯ್ತು. ತಪ್ಪಾಯ್ತು ಕಣೇ."

"ಎಷ್ಟು ಹೊತ್ತು ನಿಂತಿದ್ದೆ?"

"ಒಂದೂವರೆ ಗಂಟೆ."

"ಕಮ್ಮಿ ಆಯ್ತು," ಎಂದಳು ಸೂಜಿ. ಆದರೆ ದನಿಯ ಮೊನೆ ಮುರಿದಿತ್ತು.

"ಬೈಕು ಮಾರ್ತೀಯಂತೆ."

"ನಾಳೆ ಬರ್ತಾರೆ. ಮಾರೋದೋ ಬಿಡೋದೋ, ನಾನು ಇಲ್ಲಿಂದ ಅಲ್ಲಾಡಿದ ಮೇಲೆ ತಾನೆ? ಮೊದಲು ದಾಟು. ಮುಂದಿನ ತಿರುವಲ್ಲಿ ಬನ್ನಣ್ಣ ಬನ್ನು ಒಣಗಿಸ್ಕೊಂಡು ನಿಂತಿದಾನೆ. ಮೇಲೆ ಮೇಷ್ಟ್ರಿಗೆ ನಾಲ್ಕು ಟೀ ಆಗಿರುತ್ತೆ. ಈ ಸಲ ಅಳು ಬಂದ್ರೆ ನಿಲ್ಲಿಸಿ ಅಳು. ಓಡ್ಬೇಡ."

"ಆಯ್ತು."

ಸೂಜಿ ಹೆಲ್ಮೆಟ್ಟು ಹಾಕಿಕೊಂಡು, ರಸ್ತೆಯ ಅಂಚಿಗೆ ಬಂದು, ಬಲಗೈ ಚಾಚಿ ದಾರಿ ತೋರಿಸಿದಳು. ಕೊನೆಯಕ್ಕ ಗೇರು ಹಾಕಿದಳು. ಮೆಲ್ಲಗೆ, ಆ ಕೈಯ ಮುಂದೆಯೇ, ಮೂರನೆಯ ತಿರುವನ್ನು ದಾಟಿದಳು.